ಕ್ಯಾಲೊರಿ ಲೆಕ್ಕ: ದಿನದ ಚಟುವಟಿಕೆಯ ಮಟ್ಟವನ್ನು ಅಂದಾಜಿಸುವುದು ಹೇಗೆ?

ತೂಕ ಇಳಿಸಲು ಹೊರಟವರು ಜೋಳದ ಹಿಟ್ಟನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಶೇಂಗಾ ಹಿಂಡಿಯನ್ನು ಚಮಚದಲ್ಲಿ ಅಳೆಯುತ್ತಾರೆ. ಆದರೆ ಮೊಬೈಲಿನ ಆ್ಯಪ್ ‘ನಿಮ್ಮ ಚಟುವಟಿಕೆಯ ಮಟ್ಟ ಯಾವುದು’ ಎಂದು ಕೇಳಿದಾಗ ಮಾತ್ರ ಹೆಚ್ಚು ಯೋಚಿಸದೆ ‘ಮಧ್ಯಮ’ ಎಂಬುದನ್ನು ಒತ್ತಿಬಿಡುತ್ತಾರೆ. ಲೆಕ್ಕ ದಾರಿ ತಪ್ಪುವುದು ಬಹುಮಟ್ಟಿಗೆ ಅಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ, 65 ಕೆ.ಜಿ. ತೂಕದ ಪುರುಷನಿಗೆ ಕುಳಿತು ಮಾಡುವ ಕೆಲಸವಿದ್ದರೆ ದಿನಕ್ಕೆ 2,110, ಮಧ್ಯಮ ದುಡಿಮೆಯಿದ್ದರೆ 2,710, ಭಾರಿ ದುಡಿಮೆಯಿದ್ದರೆ 3,470 ಕ್ಯಾಲೊರಿ ಬೇಕು; 55 ಕೆ.ಜಿ. ತೂಕದ ಮಹಿಳೆಗೆ ಈ ಅಂಕಿಗಳು ಕ್ರಮವಾಗಿ 1,660, 2,130 ಮತ್ತು 2,720. ಅಂದರೆ ಪುರುಷನೊಬ್ಬ ತನ್ನನ್ನು ತಾನು ಒಂದೇ ಒಂದು ಮೆಟ್ಟಿಲು ಮೇಲೆ ಎಣಿಸಿಕೊಂಡರೂ 600 ಕ್ಯಾಲೊರಿಯ ವ್ಯತ್ಯಾಸವಾಗುತ್ತದೆ. ತಲಾ 60 ಗ್ರಾಂ ಹಿಟ್ಟಿನ ಮೂರು ಜೋಳದ ರೊಟ್ಟಿಗಳಷ್ಟಾಗುವ ಈ ಪ್ರಮಾಣ, ತೂಕ ಇಳಿಸುವವರು ಸಾಮಾನ್ಯವಾಗಿ ದಿನಕ್ಕೆ ಕಡಿತ ಮಾಡುವ 500 ಕ್ಯಾಲೊರಿಯನ್ನು ಪೂರ್ತಿಯಾಗಿ ನುಂಗಿಹಾಕುತ್ತದೆ.

ಮೊದಲ ಹೆಜ್ಜೆ: ವಿಶ್ರಾಂತಿಯ ಖರ್ಚು

ಏನೂ ಮಾಡದೆ ಮಲಗಿದ್ದರೂ ಉಸಿರಾಟ, ರಕ್ತಸಂಚಾರ ಮತ್ತು ದೇಹದ ಶಾಖಕ್ಕಾಗಿ ಆಗುವ ಖರ್ಚನ್ನು ಆಹಾರತಜ್ಞರು ಬಿಎಂಆರ್ ಎನ್ನುತ್ತಾರೆ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಕೆ.ಜಿ.ಯಲ್ಲಿ ತೂಕವನ್ನು 10ರಿಂದಲೂ ಸೆಂ.ಮೀ.ನಲ್ಲಿ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು, ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಬಳಿಕ ಪುರುಷರು 5 ಕೂಡಿಸಬೇಕು, ಮಹಿಳೆಯರು 161 ಕಳೆಯಬೇಕು. ವಿಜಯಪುರದಲ್ಲಿ ಬಟ್ಟೆ ಅಂಗಡಿ ನಡೆಸುವ, 42 ವರ್ಷದ, 165 ಸೆಂ.ಮೀ. ಎತ್ತರದ, 78 ಕೆ.ಜಿ. ತೂಕದ ಒಬ್ಬ ವ್ಯಾಪಾರಿಯನ್ನು ಉದಾಹರಣೆಗೆ ಕಲ್ಪಿಸಿಕೊಂಡರೆ ಅವರ ಬಿಎಂಆರ್ ಸುಮಾರು 1,606 ಆಗುತ್ತದೆ. ಇದೂ ಒಂದು ಅಂದಾಜೇ ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ಯಾವುದು ಚಟುವಟಿಕೆ, ಯಾವುದು ಅಲ್ಲ

ದಣಿವು ಬೇರೆ, ದೇಹದ ಚಲನೆ ಬೇರೆ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಗಲ್ಲೆಯ ಮುಂದೆ ಸುಮ್ಮನೆ ಕುಳಿತವರಿಗೂ ಅಂಗಿ ತೊಯ್ಯುವಷ್ಟು ಬೆವರು ಬರುತ್ತದೆ, ಸಂಜೆಗೆ ಮೈ ಸೋತುಹೋಗುತ್ತದೆ. ಹಾಗೆಂದು ಆ ಬೆವರಿನಲ್ಲಿ ಕೊಬ್ಬು ಕರಗಿತೆಂದಲ್ಲ, ನೀರು ಹೋಯಿತು ಅಷ್ಟೆ. ಬಸ್ಸಿನಲ್ಲಿ ದಿನವೂ ಬಾಗಲಕೋಟೆಗೆ ಹೋಗಿಬರುವ ನೌಕರರ ಆಯಾಸವೂ ಇದೇ ಬಗೆಯದು.

ಉದ್ಯೋಗದ ಹೆಸರನ್ನು ನೋಡಿ ಮಟ್ಟ ನಿರ್ಧರಿಸುವುದೂ ಸರಿಯಲ್ಲ. ಗುಳೇದಗುಡ್ಡದ ಖಣವನ್ನೋ ಇಳಕಲ್ ಸೀರೆಯನ್ನೋ ಕೈಮಗ್ಗದಲ್ಲಿ ನೇಯುವವರು ದಿನವಿಡೀ ಕುಳಿತೇ ಇರುತ್ತಾರೆ, ಆದರೆ ಅವರ ಕೈಕಾಲುಗಳು ಬಿಡುವಿಲ್ಲದೆ ಆಡುತ್ತಿರುತ್ತವೆ; ಹೀಗಾಗಿ ಅವರನ್ನು ಕಂಪ್ಯೂಟರಿನ ಮುಂದೆ ಕುಳಿತವರ ಸಾಲಿಗೆ ಸೇರಿಸಲಾಗದು. ಖಾನಾವಳಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಹೆಣ್ಣುಮಗಳು ಆ್ಯಪ್‌ನಲ್ಲಿ ‘ಗೃಹಿಣಿ, ವ್ಯಾಯಾಮವಿಲ್ಲ’ ಎಂದು ತುಂಬಿದರೆ ತನ್ನ ಖರ್ಚನ್ನು ತಾನೇ ಕಡಿಮೆ ಮಾಡಿಕೊಂಡಂತೆ. ಇನ್ನೊಂದೆಡೆ ಹೊಲದ ಮಾಲೀಕರೆಲ್ಲ ರೈತರೇ ಆದರೂ, ಆಳುಗಳಿಗೆ ಕೆಲಸ ಹೇಳಿ ಬೈಕಿನಲ್ಲಿ ಮನೆಗೆ ಮರಳುವವರ ದುಡಿಮೆ ಭಾರಿಯದಲ್ಲ. ಈ ಮಾತು ಕೆಲವರಿಗೆ ಸಿಟ್ಟು ತರಿಸಬಹುದು, ಆದರೆ ಲೆಕ್ಕಕ್ಕೆ ದಾಕ್ಷಿಣ್ಯವಿಲ್ಲ.

ಮೂರನೆಯ ಹೆಜ್ಜೆ: 24 ಗಂಟೆಗಳ ದಿನಚರಿ

ಒಂದು ಸಾಮಾನ್ಯ ಕೆಲಸದ ದಿನ ಮತ್ತು ಒಂದು ರಜಾದಿನವನ್ನು ಆರಿಸಿಕೊಂಡು, ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತೆಂದು ಬರೆದಿಡಬೇಕು. ಪ್ರತಿಯೊಂದು ಕೆಲಸಕ್ಕೂ ವಿಶ್ರಾಂತಿಯ ಖರ್ಚಿನ ಎಷ್ಟು ಪಟ್ಟು ಶಕ್ತಿ ಬೇಕೆಂಬ ಅಂದಾಜು ಅಂಕಿಗಳಿವೆ: ನಿದ್ದೆಗೆ 1, ಟಿ.ವಿ. ನೋಡುವುದಕ್ಕೆ 1.4, ಊಟಕ್ಕೂ ಕುಳಿತು ಮಾಡುವ ಕೆಲಸಕ್ಕೂ 1.5, ಸ್ನಾನ ಮಾಡಿ ಸಿದ್ಧವಾಗುವುದಕ್ಕೆ 2.3, ನಡಿಗೆಗೆ 3.2. ನಮ್ಮ ವ್ಯಾಪಾರಿ 8 ಗಂಟೆ ನಿದ್ದೆ, 1 ಗಂಟೆ ಸ್ನಾನ ಇತ್ಯಾದಿ, 1 ಗಂಟೆ ಊಟ, 9 ಗಂಟೆ ಅಂಗಡಿ, 4 ಗಂಟೆ ಟಿ.ವಿ. ಮತ್ತು ಮೊಬೈಲು, ಬೆಳಿಗ್ಗೆ ಗೋಳಗುಮ್ಮಟದ ಕಡೆಗೆ 1 ಗಂಟೆ ವಾಕಿಂಗ್ ಎಂದು ಬರೆದರೆ, ಗಂಟೆಗಳನ್ನು ಆಯಾ ಅಂಕಿಯಿಂದ ಗುಣಿಸಿ ಕೂಡಿಸಿದಾಗ 34.1 ಬರುತ್ತದೆ; 24ರಿಂದ ಭಾಗಿಸಿದರೆ 1.42. ಇದೇ ಅವರ ಚಟುವಟಿಕೆಯ ಮಟ್ಟ. 1,606ನ್ನು ಇದರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು ಸುಮಾರು 2,280 ಕ್ಯಾಲೊರಿ.

ಈಗ ಅವರು ವಾಕಿಂಗ್ ಬಿಟ್ಟು ಆ ಗಂಟೆಯನ್ನೂ ಟಿ.ವಿ.ಯ ಮುಂದೆಯೇ ಕಳೆದರೆ ಮಟ್ಟ 1.35ಕ್ಕೆ ಇಳಿಯುತ್ತದೆ, ಅಂದರೆ ದಿನಕ್ಕೆ ಸುಮಾರು 120 ಕ್ಯಾಲೊರಿ ಕಡಿಮೆಯಾಗುತ್ತದೆ. ಅದೇ ಅವರು ಅಂಗಡಿಯ ಒಂಬತ್ತು ಗಂಟೆಗಳಲ್ಲಿ ಮೂರು ಗಂಟೆ ಎದ್ದು ನಿಂತು, ತಾವೇ ಥಾನು ತೆಗೆದು ತೋರಿಸಿ ಮಡಚಿಟ್ಟರೆ, ಆ ಕೆಲಸಕ್ಕೆ 2.3 ಎಂದು ಹಿಡಿದರೂ ಮಟ್ಟ 0.1ರಷ್ಟು ಏರಿ ಸುಮಾರು 160 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ಬೆಳಗಿನ ಒಂದು ಗಂಟೆಯ ವಾಕಿಂಗ್ ಆರೋಗ್ಯಕ್ಕೆ ಎಷ್ಟೇ ಒಳ್ಳೆಯದಾದರೂ ಅದೊಂದರಿಂದಲೇ ಯಾರೂ ‘ಮಧ್ಯಮ’ ವರ್ಗಕ್ಕೆ ಸೇರುವುದಿಲ್ಲ. ಉಳಿದ 23 ಗಂಟೆಗಳೇ ಮಟ್ಟವನ್ನು ನಿರ್ಧರಿಸುತ್ತವೆ.

ಆ್ಯಪ್‌ಗಳಲ್ಲಿ ಕಾಣುವ 1.2, 1.375, 1.55, 1.725 ಎಂಬ ಗುಣಕಗಳೊಂದಿಗೆ ಈ ಅಂಕಿಯನ್ನು ಹೋಲಿಸಿ ಗೊಂದಲಪಡಬೇಕಾಗಿಲ್ಲ. ಅವುಗಳಲ್ಲಿ 1.2 ಎಂಬುದು ಹೆಚ್ಚುಕಡಿಮೆ ಹಾಸಿಗೆ ಬಿಟ್ಟೇಳದವರಿಗೆ ಹೊಂದುವಂಥದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ವರ್ಗೀಕರಣದಲ್ಲಿ ಹಗುರ ಬದುಕಿಗೆ 1.40ರಿಂದ 1.69, ಚುರುಕಿನ ಬದುಕಿಗೆ 1.70ರಿಂದ 1.99, ಕಠಿಣ ದುಡಿಮೆಗೆ 2.00ರಿಂದ 2.40 ಎಂದಿದೆ. ಇನ್ನೊಂದು ಎಚ್ಚರಿಕೆ: ವಾಕಿಂಗನ್ನು ದಿನಚರಿಯಲ್ಲಿ ಸೇರಿಸಿದ ಮೇಲೆ, ಆ್ಯಪ್ ಅದನ್ನೇ ವ್ಯಾಯಾಮವೆಂದು ಮತ್ತೆ ಎಣಿಸಿ ‘ಇನ್ನೂ 250 ಕ್ಯಾಲೊರಿ ತಿನ್ನಬಹುದು’ ಎಂದರೆ ಅದನ್ನು ಒಪ್ಪಬಾರದು.

ನಾಲ್ಕನೆಯ ಹೆಜ್ಜೆ: ತೂಕದಿಂದ ತಾಳೆ ನೋಡುವುದು

ಬೆಳಿಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು ದಿನವೂ ತೂಕ ನೋಡಿ ವಾರದ ಸರಾಸರಿ ತೆಗೆಯಬೇಕು. ಮೊದಲ ವಾರದ ಇಳಿಕೆಯಲ್ಲಿ ನೀರಿನ ಪಾಲೇ ಹೆಚ್ಚಾದ್ದರಿಂದ ಅದನ್ನು ಬಿಟ್ಟು, ಮುಂದಿನ ಮೂರು ವಾರಗಳನ್ನು ಗಮನಿಸಬೇಕು. ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಮಹಿಳೆಯರು ಒಂದು ತಿಂಗಳ ಅಂತರದಲ್ಲಿ ಹೋಲಿಸುವುದು ಒಳ್ಳೆಯದು. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ವ್ಯಾಪಾರಿ ದಿನಕ್ಕೆ 1,900 ಕ್ಯಾಲೊರಿ ತಿಂದು ವಾರಕ್ಕೆ 0.3 ಕೆ.ಜಿ. ಇಳಿದರೆ, ದಿನಕ್ಕೆ 330 ಕ್ಯಾಲೊರಿಯ ಕೊರತೆಯಾಗಿದೆ ಎಂದರ್ಥ. ಹಾಗಾದರೆ ನಿಜವಾದ ಖರ್ಚು 2,230, ಮಟ್ಟ 1.39. ದಿನಚರಿ ಹೇಳಿದ್ದಕ್ಕಿಂತ ಇದು ತುಸು ಕಡಿಮೆ. ಮುಂದಿನ ಲೆಕ್ಕಕ್ಕೆ ಇದನ್ನೇ ಹಿಡಿಯಬೇಕು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿತಗೊಳಿಸಬಾರದು. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ.

ತೂಕ ನಾಲ್ಕೈದು ಕೆ.ಜಿ. ಇಳಿದಾಗಲೊಮ್ಮೆ ಸೂತ್ರವನ್ನು ಮತ್ತೆ ಹಾಕಬೇಕು. ಋತುಮಾನಕ್ಕೆ ತಕ್ಕಂತೆ ದುಡಿಮೆ ಬದಲಾಗುವವರು ದಿನಚರಿಯನ್ನೂ ಹೊಸದಾಗಿ ಬರೆಯಬೇಕು: ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಮತ್ತು ಅಕ್ಟೋಬರಿನ ಚಾಟ್ನಿಯ (ಬಳ್ಳಿ ಸವರುವ) ದಿನಗಳಿಗೆ ಒಂದು, ತೋಟದಲ್ಲಿ ಕೆಲಸ ಕಡಿಮೆಯಿರುವ ಮಳೆಗಾಲಕ್ಕೆ ಇನ್ನೊಂದು ಎಂದು ಎರಡು ಅಂಕಿಗಳನ್ನು ಇಟ್ಟುಕೊಳ್ಳಬಹುದು.