ಹಾಳೆ, ತಾಳ, ತಕ್ಕಡಿ: ಚಲನೆಯ ಪಾಠ ಮಾಡಿದ ನನ್ನ ಅನುಭವ

ಚಲನೆಯ ಪಾಠದಲ್ಲಿ ಮಕ್ಕಳನ್ನು ಕಾಡುವುದು ಸೂತ್ರಗಳು ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಈ ಪಾಠವನ್ನು ವರ್ಷಗಳಿಂದ ಮಾಡುತ್ತ ಬಂದಿರುವ ನನಗೆ ಹಾಗೆನ್ನಿಸುವುದಿಲ್ಲ. ಸೂತ್ರಕ್ಕೆ ಅಂಕಿ ತುಂಬಿ ಉತ್ತರ ತೆಗೆಯುವುದನ್ನು ನಾಲ್ಕು ಲೆಕ್ಕ ಮಾಡಿಸಿದರೆ ಯಾರಾದರೂ ಕಲಿತುಕೊಳ್ಳುತ್ತಾರೆ. ಕದಲದೆ ಉಳಿಯುವುದು ಒಂದು ನಂಬಿಕೆ. ವಸ್ತುವೊಂದು ಚಲಿಸುತ್ತಲೇ ಇರಬೇಕಾದರೆ ಅದನ್ನು ಯಾವುದೋ ಒಂದು ಬಲ ದೂಡುತ್ತಲೇ ಇರಬೇಕು, ಬಲ ನಿಂತ ಕೂಡಲೇ ವಸ್ತುವೂ ನಿಲ್ಲುತ್ತದೆ ಎಂಬುದೇ ಆ ನಂಬಿಕೆ. ಅರಿಸ್ಟಾಟಲನ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ವಿದ್ವಾಂಸರೇ ಹೆಚ್ಚುಕಡಿಮೆ ಹೀಗೆ ನಂಬಿದ್ದರು. 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನು ಪ್ರಕಟಿಸಿದ ಮೇಲೂ ಹದಿಮೂರು ವರ್ಷದ ಮಗುವಿನ ಮನಸ್ಸಿನಲ್ಲಿ ಅರಿಸ್ಟಾಟಲನೇ ಕುಳಿತಿರುತ್ತಾನೆ.

ಆದ್ದರಿಂದ ಬಲದ ಮಾತನ್ನು ನಾನು ಬೇಗ ಎತ್ತುವುದಿಲ್ಲ. ಜವವನ್ನು, ಎಂದರೆ ವಸ್ತು ಇಷ್ಟು ಸಮಯದಲ್ಲಿ ಎಷ್ಟು ದೂರ ಸಾಗುತ್ತದೆಂಬುದನ್ನು, ಅಳೆಯುವ ಕೆಲಸಕ್ಕೇ ಹೆಚ್ಚು ತರಗತಿಗಳನ್ನು ಕೊಡುತ್ತೇನೆ. ಜವ ಬದಲಾಗದೆ ಇರುವುದು ಎಂದರೇನು ಎಂಬುದನ್ನು ಮಗು ತಾನೇ ಅಳೆದು ಕಂಡುಕೊಳ್ಳದಿದ್ದರೆ, ನೇರ ದಾರಿಯ ಅಂಥ ಚಲನೆಗೆ ನಿವ್ವಳ ಬಲ (ಎಲ್ಲ ಬಲಗಳನ್ನೂ ಕೂಡಿ ಕಳೆದು ಉಳಿಯುವ ಬಲ) ಬೇಡ ಎಂಬ ಮಾತು ಅದರ ಕಿವಿಗೆ ಬರಿಯ ಬಾಯಿಪಾಠವಾಗಿಯೇ ಬೀಳುತ್ತದೆ.

ಮೊದಲ ಅಳತೆ ರೈಲಿನದು. ಕಾಸರಗೋಡಿನಿಂದ ಕುಂಬಳೆ, ಉಪ್ಪಳ, ಮಂಜೇಶ್ವರದ ಮೂಲಕ ಮಂಗಳೂರಿಗೆ ಹೋಗುವ ಹಳಿಯ ಬದಿಯಲ್ಲಿ ಕಿಲೋಮೀಟರ್ ಫಲಕಗಳಿವೆ. ಮಂಗಳೂರಿಗೆ ಹೋಗಿಬರುವ ಮಕ್ಕಳಿಗೆ ನಾನು ಕೊಡುವ ಕೆಲಸ ಇಷ್ಟೇ: ಕಿಟಕಿಯ ಒಳಗೆ ಕುಳಿತೇ, ಒಂದು ಫಲಕದಿಂದ ಮುಂದಿನ ಕಿಲೋಮೀಟರ್ ಫಲಕದವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮನೆಯವರ ಮೊಬೈಲಿನಲ್ಲಿ ನೋಡಿ ಬರೆದು ತರಬೇಕು. 3600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 45 ಸೆಕೆಂಡು ಹಿಡಿದರೆ 80, 40 ಹಿಡಿದರೆ 90. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ಹಳಿಯ ದೂರ ಸುಮಾರು 46 ಕಿಲೋಮೀಟರ್. ನಿಲ್ದಾಣ ನಿಲ್ದಾಣದಲ್ಲಿ ನಿಲ್ಲುವ ಗಾಡಿ ಇದಕ್ಕೆ ಒಂದು ಗಂಟೆಗಿಂತ ಹೆಚ್ಚು ತೆಗೆದುಕೊಂಡರೆ ಸರಾಸರಿ ಜವ 46ಕ್ಕಿಂತ ಕೆಳಗೆ ಬಂತು. 80ರಲ್ಲಿ ಓಡಿದ ಗಾಡಿಯ ಸರಾಸರಿ ಹೆಚ್ಚುಕಡಿಮೆ ಅದರ ಅರ್ಧಕ್ಕೆ ಹೇಗೆ ಇಳಿಯಿತೆಂದು ಕೇಳಿದರೆ, ನಿಂತಿದ್ದ ಸಮಯವೂ ಲೆಕ್ಕಕ್ಕೆ ಸೇರುತ್ತದೆಂಬ ಉತ್ತರ ಮಕ್ಕಳಿಂದಲೇ ಬರುತ್ತದೆ.

ಸಾಗಿದ ದೂರ ಮತ್ತು ಸ್ಥಾನಾಂತರದ (ಹೊರಟಲ್ಲಿಂದ ಮುಟ್ಟಿದಲ್ಲಿಗೆ ಇರುವ ನೇರ ಅಂತರ ಮತ್ತು ದಿಕ್ಕು) ವ್ಯತ್ಯಾಸಕ್ಕೆ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಕಾಸರಗೋಡಿನಿಂದ ಕಾಞಂಗಾಡಿಗೆ ಚಂದ್ರಗಿರಿ ಸೇತುವೆ ದಾಟಿ ಬೇಕಲದ ದಾರಿಯಲ್ಲಿ ಹೋದವರ ಮೀಟರ್ ಒಂದು ಅಂಕಿ ತೋರಿಸುತ್ತದೆ, ಚೆರ್ಕಳ ಸುತ್ತಿ ಹೆದ್ದಾರಿಯಲ್ಲಿ ಹೋದವರ ಮೀಟರ್ ಅದಕ್ಕಿಂತ ದೊಡ್ಡ ಅಂಕಿ ತೋರಿಸುತ್ತದೆ, ಸ್ಥಾನಾಂತರ ಮಾತ್ರ ಇಬ್ಬರದೂ ಒಂದೇ. ಅಷ್ಟು ಸಾಕು.

ಸರಾಸರಿಯ ಬಗ್ಗೆ ಇನ್ನೊಂದು ಲೆಕ್ಕವನ್ನು ಮಕ್ಕಳು ಬಿಡುವುದೇ ಇಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಯಿತು. ಭಾಗಿಸಿದರೆ ಸೆಕೆಂಡಿಗೆ 10.46 ಮೀಟರ್. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ಸೆಕೆಂಡಿಗೆ 10.44 ಮೀಟರ್. ಹಾಗಾದರೆ ಗೌಡರೇ ಮುಂದಲ್ಲವೇ ಎಂದು ತರಗತಿ ಕುಣಿಯುತ್ತದೆ. ಗೌಡರ ಸಾಧನೆಯನ್ನು ಕಿಂಚಿತ್ತೂ ಕಡಿಮೆ ಮಾಡದೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ನಿಂತಲ್ಲಿಂದ ಜವ ಏರಿಸಿಕೊಳ್ಳುವ ಮೊದಲ ಕೆಲವು ಮೀಟರುಗಳು 100 ಮೀಟರಿನ ಓಟದಲ್ಲಿ ಎಷ್ಟು ಪಾಲು, 142.5 ಮೀಟರಿನಲ್ಲಿ ಎಷ್ಟು ಪಾಲು? ಕಂಬಳದ ಗದ್ದೆಯಲ್ಲಿ ಓಡುವವನನ್ನು ಮುಂದಕ್ಕೆ ಎಳೆಯುವ ಬಲಗಳಲ್ಲಿ ಕೋಣಗಳ ಪಾಲೆಷ್ಟು? ಎರಡನೆಯದಕ್ಕೆ ಉತ್ತರ ಆಗಲೇ ಬೇಕಿಲ್ಲ. ಬಲದ ಪಾಠಕ್ಕೆ ಬಾಗಿಲು ತೆರೆದರೆ ಸಾಕು.

ಜವ ಹೆಚ್ಚುತ್ತ ಹೋಗುವ ಚಲನೆಯನ್ನು ಅಳೆಯುವುದಕ್ಕೆ ಗೆಲಿಲಿಯೊನ ಇಳಿಜಾರನ್ನೇ ಹಿಡಿದುಕೊಂಡೆ. ಬೀಳುವ ವಸ್ತು ತೀರ ಬೇಗ ಬೀಳುತ್ತದೆ, ಅಳೆಯಲಾಗುವುದಿಲ್ಲ. ಆದ್ದರಿಂದ ಅವನು ಮರದ ತೊಲೆಯಲ್ಲಿ ಉದ್ದನೆಯ ಸಣ್ಣ ಕಾಲುವೆ ಕೊರೆಸಿ ಕಂಚಿನ ಗುಂಡನ್ನು ಉರುಳಿಸಿದ. ನಮ್ಮ ತೋಟಗಳಲ್ಲಿ ನೀರು ಹಾಯಿಸುತ್ತಿದ್ದ ಅಡಿಕೆ ಮರದ ದಂಬೆ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ, ಆದರೆ ಅದರ ಒಳಮೈಯ ನಾರಿಗೆ ಗೋಲಿ ತಡೆದು ಅತ್ತಿತ್ತ ಹೊರಳುತ್ತದೆ. ದಂಬೆಯ ಜಾಗಕ್ಕೆ ತೋಟದಲ್ಲಿ ಈಗ ಪಿವಿಸಿ ಪೈಪು ಬಂದಿದೆ, ಪ್ರಯೋಗಕ್ಕೂ ಅದೇ ಒಳ್ಳೆಯದು. ಮೂರು ಮೀಟರಿನ ಪೈಪನ್ನು ಉದ್ದಕ್ಕೆ ಸೀಳಿಸಿ, ಬಾಗದಂತೆ ಬೆಂಚುಗಳ ಮೇಲೆ ಮಲಗಿಸಿ, ಒಂದು ತುದಿಯನ್ನು ಐದು ಸೆಂಟಿಮೀಟರಿನಷ್ಟು ಎತ್ತರಿಸಿದರೆ ಗೋಲಿಯು ಕಣ್ಣು ಹಿಂಬಾಲಿಸುವಷ್ಟು ನಿಧಾನವಾಗಿ ಹೊರಡುತ್ತದೆ.

ಸಮಯಕ್ಕೆ ಗಡಿಯಾರವನ್ನು ಇಟ್ಟುಕೊಳ್ಳಲಿಲ್ಲ. ಸ್ಟಾಪ್‌ವಾಚಿನ ಗುಂಡಿಯನ್ನು ಒತ್ತುವ ಬೆರಳಿನ ತಡವೇ ಮಕ್ಕಳ ಅಳತೆಯನ್ನು ಕೆಡಿಸುತ್ತದೆ. ಯಕ್ಷಗಾನದ ಊರಿನಲ್ಲಿ ತಾಳ ಹಿಡಿಯಬಲ್ಲ ಒಬ್ಬ ಹುಡುಗ ಇಲ್ಲದ ತರಗತಿ ಅಪರೂಪ. ಅವನ ಕೈಗೆ ತಾಳ ಕೊಟ್ಟು, ಸೆಕೆಂಡಿಗೊಂದು ಪೆಟ್ಟಿನಂತೆ ಹಾಕಲು ಹೇಳಿದೆ. ಪೈಪಿಗೆ ಅಡ್ಡವಾಗಿ ರಬ್ಬರ್ ಬ್ಯಾಂಡುಗಳನ್ನು ಸಿಕ್ಕಿಸಿದರೆ ಗೋಲಿ ಒಂದೊಂದನ್ನು ದಾಟುವಾಗಲೂ ಟಿಕ್ಕೆನ್ನುತ್ತದೆ. ಟಿಕ್ ಶಬ್ದವೂ ತಾಳದ ಪೆಟ್ಟೂ ಕೂಡಿಬರುವ ತನಕ ಬ್ಯಾಂಡುಗಳನ್ನು ಹಿಂದೆ ಮುಂದೆ ಸರಿಸುವುದು ಮಕ್ಕಳ ಕೆಲಸ. ಎರಡು ಶಬ್ದಗಳ ನಡುವಿನ ಕೂದಲೆಳೆಯ ಅಂತರವನ್ನು ಕಿವಿ ಹಿಡಿದಷ್ಟು ಚೆನ್ನಾಗಿ ಕಣ್ಣು ಹಿಡಿಯುವುದಿಲ್ಲ. ಗೆಲಿಲಿಯೊ ಕೂಡ ಹೀಗೇ ಲಯವನ್ನು ನೆಚ್ಚಿಕೊಂಡಿದ್ದಿರಬಹುದೆಂದು ವಿಜ್ಞಾನದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ 1970ರ ದಶಕದಲ್ಲಿ ವಾದಿಸಿದ್ದರು. ಗೆಲಿಲಿಯೊನ ತಂದೆ ಹೆಸರಾಂತ ಸಂಗೀತಗಾರ. 1638ರಲ್ಲಿ ಅಚ್ಚಾದ ವಿವರಣೆಯಲ್ಲಿ ಮಾತ್ರ ಅವನು ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಕಾಲ ಅಳೆದೆನೆಂದು ಹೇಳಿದ್ದಾನೆ.

ಬ್ಯಾಂಡುಗಳು ನೆಲೆ ನಿಂತ ಮೇಲೆ ಅಳೆದಾಗ ಹೊರಟ ಜಾಗದಿಂದ ಸುಮಾರು 6, 23, 52, 93 ಸೆಂಟಿಮೀಟರು ಬಂತು. ಮೊದಲನೆಯದರಿಂದ ಉಳಿದವನ್ನು ಭಾಗಿಸಿದರೆ 4, 9, 16ರ ಹತ್ತಿರ ಹತ್ತಿರ, ಎಂದರೆ 2, 3, 4 ಸೆಕೆಂಡುಗಳ ವರ್ಗ. ಸರಿಯಾಗಿ ಅಷ್ಟೇ ಬರಲಿಲ್ಲವೆಂದು ಮಕ್ಕಳು ಪೆಚ್ಚಾಗಬಾರದು. ಮೊದಲ ಆರು ಸೆಂಟಿಮೀಟರಿನ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸವಾದರೂ ಭಾಗಲಬ್ಧಗಳೆಲ್ಲ ಅಲುಗಾಡುತ್ತವೆ ಎಂಬುದನ್ನು ಅಲ್ಲೇ ತೋರಿಸಬೇಕು. ಪೈಪನ್ನು ಸಮತಟ್ಟಾಗಿ ಮಲಗಿಸಿ ಮೆಲ್ಲಗೆ ಉರುಳಿಸಿದರೆ ಬ್ಯಾಂಡುಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮವಾಗುತ್ತದೆ. ಏಕರೂಪ ಚಲನೆಯನ್ನೂ ವೇಗೋತ್ಕರ್ಷವಿರುವ (ಜವ ಏರುತ್ತ ಹೋಗುವ) ಚಲನೆಯನ್ನೂ ಮಕ್ಕಳು ಹೀಗೆ ಒಂದೇ ಪೈಪಿನಲ್ಲಿ ಕೇಳಿಸಿಕೊಂಡಿರುತ್ತಾರೆ.

ಇಷ್ಟಾದ ಮೇಲೆ ಬಲ. ಇದಕ್ಕೆ ಬೇಕಾದುದು ಬಿದ್ದ ಅಡಿಕೆ ಹಾಳೆ ಮತ್ತು ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ. ಪ್ರಯೋಗಶಾಲೆಯ ಪುಟ್ಟ ತಕ್ಕಡಿ ಸಾಲದು, ಐವತ್ತು ಕಿಲೋ ತೂಗುವಂಥದ್ದಿರಬೇಕು. ಹಾಳೆಯಲ್ಲಿ ಒಬ್ಬರನ್ನು ಕುಳ್ಳಿರಿಸಿ ಸೋಗೆ ಹಿಡಿದು ಎಳೆಯುವ ಆಟ ನಮ್ಮ ಮಕ್ಕಳಿಗೆ ಹೊಸತಲ್ಲ. ಸೋಗೆಯ ದಂಟಿಗೆ ಹಗ್ಗ ಕಟ್ಟಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಜಗಲಿಯ ಸಿಮೆಂಟು ನೆಲದ ಮೇಲೆ ಅರ್ಧ ಮೀಟರಿಗೊಂದು ಸುಣ್ಣದ ಗೆರೆ ಎಳೆದೆವು. ತಾಳದ ಹುಡುಗ ಇಲ್ಲಿಯೂ ಇದ್ದಾನೆ. ಎಳೆಯುವವನು ಪ್ರತಿ ಪೆಟ್ಟಿಗೆ ಒಂದು ಗೆರೆ ದಾಟಬೇಕು. ಪಕ್ಕದಲ್ಲಿ ನಡೆಯುವವಳು ತಕ್ಕಡಿಯ ಮುಳ್ಳನ್ನು ಓದಿ ಗಟ್ಟಿಯಾಗಿ ಹೇಳಬೇಕು.

ಮೂವತ್ತೈದು ಕಿಲೋದ ಹುಡುಗ ಕುಳಿತಾಗ ಮುಳ್ಳು 14ರ ತನಕ ಏರಿ, ಹಾಳೆ ಕದಲಿದ ಕೂಡಲೇ 10ಕ್ಕೆ ಇಳಿದು ಅಲ್ಲೇ ಆಚೀಚೆ ಆಡುತ್ತ ನಿಂತಿತು. ಕಿಲೋದ ಅಂಕಿಯನ್ನು 9.8ರಿಂದ ಗುಣಿಸಿದರೆ ನ್ಯೂಟನ್‌ನಲ್ಲಿ ಬಲ ಸಿಗುತ್ತದೆ, ಎಂದರೆ 98 ನ್ಯೂಟನ್. ನಿಂತಿದ್ದಾಗಿನ ಘರ್ಷಣೆಯ ಗರಿಷ್ಠ ಮಿತಿ ಚಲಿಸುವಾಗಿನ ಘರ್ಷಣೆಗಿಂತ ಹೆಚ್ಚೆಂಬುದು ಅಲ್ಲಿಗೆ ಮುಗಿಯಿತು. ಮುಖ್ಯವಾದ ಭಾಗ ಮುಂದಿನದು. ಈಗ ಪ್ರತಿ ಪೆಟ್ಟಿಗೆ ಎರಡು ಗೆರೆ ದಾಟು ಎಂದೆ. ಜವ ಎರಡರಷ್ಟಾಯಿತು, ಮುಳ್ಳು ಎಷ್ಟು ತೋರಿಸೀತೆಂದು ಮೊದಲೇ ಬರೆಯಲು ಹೇಳಿದ್ದಕ್ಕೆ ಹೆಚ್ಚಿನವರು 20 ಎಂದೇ ಬರೆದಿದ್ದರು.

“ಟೀಚರ್, ಹತ್ತೇ ತೋರಿಸ್ತಾ ಉಂಟು!”

“ಸರಿಯಾಗಿ ಓದಿದ್ದೀಯಾ? ಇನ್ನೊಬ್ಬರು ಓದಲಿ.”

ಇನ್ನೊಬ್ಬರು ಓದಿದರೂ ಹತ್ತರ ಆಸುಪಾಸೇ. ಮುಳ್ಳು ಎದ್ದು ಕಾಣುವಂತೆ ಮೇಲೇರಿದ್ದು ಒಂದು ಗೆರೆಯ ಜವದಿಂದ ಎರಡು ಗೆರೆಯ ಜವಕ್ಕೆ ದಾಟುವ ಆ ಒಂದು ಪೆಟ್ಟಿನ ಅವಧಿಯಲ್ಲಿ ಮಾತ್ರ. ಜವದ ಏರಿಕೆ ಸೆಕೆಂಡಿಗೆ ಅರ್ಧ ಮೀಟರ್, ದ್ರವ್ಯರಾಶಿ 35 ಕಿಲೋಗ್ರಾಂ, ಗುಣಿಸಿದರೆ 17.5 ನ್ಯೂಟನ್, ತಕ್ಕಡಿಯ ಅಂಕಿಯಲ್ಲಿ ಎರಡು ಕಿಲೋಗೆ ಸ್ವಲ್ಪ ಕಡಿಮೆ. ನಿವ್ವಳ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂಬ ನ್ಯೂಟನ್ನನ ಎರಡನೆಯ ನಿಯಮವನ್ನು ಕರಿಹಲಗೆಯ ಮೇಲೆ ನಾನು ಬರೆಯುವುದು ಈ ಲೆಕ್ಕವಾದ ಮೇಲೆ.

ಒಂದೇ ಜವದಲ್ಲಿ ಸಾಗುವಾಗ ಹಗ್ಗದ ಎಳೆತ ಹೆಚ್ಚೋ ನೆಲದ ಘರ್ಷಣೆ ಹೆಚ್ಚೋ ಎಂದರೆ ಎಳೆತವೇ ಹೆಚ್ಚೆಂದು ಇಡೀ ತರಗತಿ ಹೇಳುತ್ತದೆ. ಹೆಚ್ಚಾಗಿದ್ದರೆ ಜವ ಏರುತ್ತಲೇ ಹೋಗಬೇಕಿತ್ತು, ಏರಿತೇ? ತಾಳ ಸುಳ್ಳು ಹೇಳುವುದಿಲ್ಲ, ಏರಿಲ್ಲ. ಹಾಗಾದರೆ ಎರಡೂ ಸಮ, ನಿವ್ವಳ ಬಲ ಸೊನ್ನೆ. ಜವವನ್ನು ಅಳೆಯುವುದಕ್ಕೆ ಅಷ್ಟು ದಿನ ತೆಗೆದುಕೊಂಡದ್ದು ಈ ಒಂದು ಪ್ರಶ್ನೆಗಾಗಿ.

ಘರ್ಷಣೆಯೇ ಇಲ್ಲದಿದ್ದರೆ ಎಂಬಲ್ಲಿಗೆ ಮಕ್ಕಳು ತಾವಾಗಿಯೇ ಬರುತ್ತಾರೆ. ಪೌಡರ್ ಹಾಕದ ಕೇರಂ ಬೋರ್ಡಿನ ಮೇಲೂ ಹಾಕಿದ ಬೋರ್ಡಿನ ಮೇಲೂ ಸ್ಟ್ರೈಕರ್ ಎಷ್ಟು ದೂರ ಜಾರುತ್ತದೆಂದು ಅವರಿಗೆ ಗೊತ್ತು. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ದೂಡುವ ಎಂಜಿನ್ ಇಲ್ಲದೆ ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಜವದಲ್ಲಿ ಸಾಗುತ್ತಿದೆ ಎಂದು ಹೇಳಿದಾಗ, ಅದಕ್ಕೆ ಡೀಸೆಲ್ ಯಾರು ಹಾಕುತ್ತಾರೆಂಬ ಪ್ರಶ್ನೆ ಈಗ ಬರುವುದಿಲ್ಲ. ಮೊದಲೆಲ್ಲ ಬರುತ್ತಿತ್ತು.

ಒಂದು ವಸ್ತು ಇನ್ನೊಂದನ್ನು ಎಷ್ಟು ಬಲದಿಂದ ಎಳೆಯುತ್ತದೋ ಅಷ್ಟೇ ಬಲದಿಂದ ಆ ಇನ್ನೊಂದೂ ಇದನ್ನು ಎಳೆಯುತ್ತದೆ ಎಂಬ ಮೂರನೆಯ ನಿಯಮಕ್ಕೆ ತಕ್ಕಡಿ ಎರಡು ಬೇಕು. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ, ತರಗತಿಯ ಅತಿ ಗಟ್ಟಿಗನನ್ನು ಒಂದು ಕಡೆಗೂ ಚಿಕ್ಕ ಹುಡುಗಿಯನ್ನು ಇನ್ನೊಂದು ಕಡೆಗೂ ನಿಲ್ಲಿಸಿ ಎಳೆಸಬೇಕು. ಎಳೆಯುವ ಮುನ್ನ ಎರಡರ ಮುಳ್ಳೂ ಸೊನ್ನೆಯಲ್ಲಿ ನಿಂತಿವೆಯೇ ನೋಡಿಕೊಳ್ಳಿ; ಹಳೆಯ ತಕ್ಕಡಿಗಳ ಮುಳ್ಳು ಸಾಮಾನ್ಯವಾಗಿ ಸರಿದಿರುತ್ತದೆ, ಆಮೇಲೆ ನಿಯಮವೇ ಸುಳ್ಳೆನ್ನಿಸೀತು. ಹುಡುಗಿ ಮುಂದಕ್ಕೆ ಜಾರಿದರೂ ಎರಡು ಮುಳ್ಳುಗಳೂ ಒಂದೇ ಅಂಕಿ ತೋರಿಸುತ್ತವೆ. ಅವಳು ಜಾರಿದ್ದು ಅವಳ ಕಾಲಿಗೂ ನೆಲಕ್ಕೂ ನಡುವಿನ ಘರ್ಷಣೆ ಸಾಲದೆ ಹೋದದ್ದರಿಂದ.

ಇಷ್ಟೆಲ್ಲ ಆದರೂ ಅರಿಸ್ಟಾಟಲ್ ಒಂದು ಕಡೆ ಉಳಿದಿರುತ್ತಾನೆ. ನೇರ ಮೇಲಕ್ಕೆ ಎಸೆದ ಚೆಂಡು ಇನ್ನೂ ಏರುತ್ತಿರುವಾಗ ಅದರ ಮೇಲಿನ ಬಲಗಳನ್ನು ಬಾಣದಿಂದ ಗುರುತಿಸಿ ಎಂದರೆ ಜಾಣ ಮಕ್ಕಳೂ ಮೇಲ್ಮುಖವಾಗಿ ಒಂದು ಬಾಣ ಎಳೆಯುತ್ತಾರೆ. ಇದಕ್ಕೆ ನಾನು ಒಂದು ಕಟ್ಟುನಿಟ್ಟು ಮಾಡಿದ್ದೇನೆ: ಬಾಣ ಎಳೆದವರು ಆ ಬಲವನ್ನು ಕೊಡುತ್ತಿರುವ ವಸ್ತುವಿನ ಹೆಸರನ್ನೂ ಬಾಣದ ಬುಡದಲ್ಲಿ ಬರೆಯಬೇಕು. ಕೆಳಮುಖದ ಬಾಣಕ್ಕೆ ಭೂಮಿ ಎಂದು ಬರೆಯುತ್ತಾರೆ. ಮೇಲ್ಮುಖದ ಬಾಣಕ್ಕೆ ಕೈ ಎಂದು ಬರೆಯಹೊರಟು, ಕೈ ಚೆಂಡನ್ನು ಬಿಟ್ಟಾಗಿದೆಯೆಂದು ಹೊಳೆದು, ಬಾಣವನ್ನೇ ಅಳಿಸುತ್ತಾರೆ. “ಹಾಗಾದ್ರೆ ಅದು ಮೇಲೆ ಹೋಗುವುದು ಹೇಗೆ ಟೀಚರ್?” ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಉತ್ತರವನ್ನು ಜವದ ಪಟ್ಟಿಯಾಗಿಯೇ ಬರೆಸುತ್ತೇನೆ: ಕೈ ಬಿಟ್ಟಾಗ ಸೆಕೆಂಡಿಗೆ 19.6 ಮೀಟರ್, ಒಂದು ಸೆಕೆಂಡಿನ ನಂತರ 9.8, ಎರಡು ಸೆಕೆಂಡಿಗೆ ಸೊನ್ನೆ. ಭೂಮಿಯ ಸೆಳೆತ ಮಾಡಿದ್ದು ಪ್ರತಿ ಸೆಕೆಂಡಿಗೆ 9.8ರಷ್ಟು ಕಳೆದದ್ದು ಮಾತ್ರ. ಕಳೆದು ಉಳಿದಿರುವ ತನಕ ಚೆಂಡು ಏರುತ್ತದೆ, ಮೂರನೆಯ ಸೆಕೆಂಡಿನಲ್ಲಿ ಅದೇ ಕಳೆಯುವಿಕೆ ಮುಂದುವರಿದು ಕೆಳಮುಖವಾಗಿ 9.8 ಆಗುತ್ತದೆ.