ಅಮ್ಮನ ಕೋಣೆಗೆ ಮರದ ನೆಲ: ಎರಡು ದಿನದ ಕೆಲಸ, ಒಂದೂವರೆ ತಿಂಗಳ ತಯಾರಿ

ಮೈಸೂರಿನ ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ನೆಲವೆಲ್ಲ ಮೊಸಾಯಿಕ್. ಬೇಸಿಗೆಯಲ್ಲಿ ತಂಪಾಗಿ ಹಿತವಾಗಿರುತ್ತದೆ. ಆದರೆ ಡಿಸೆಂಬರ್ ಬಂತೆಂದರೆ ಅಮ್ಮನಿಗೆ ಕಷ್ಟ. ಬೆಳಿಗ್ಗೆ ಮಂಚದಿಂದ ಇಳಿದು ಬರಿಗಾಲು ನೆಲಕ್ಕೆ ಇಟ್ಟರೆ ಮಂಡಿಯವರೆಗೂ ಜುಂ ಅನ್ನುತ್ತದೆ ಅಂತಿದ್ದರು. ಮರ ಕಾಲಿನ ಬಿಸಿಯನ್ನು ಕಲ್ಲಿನಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಅದಕ್ಕೇ ಅವರ ಕೋಣೆಗೆ ಮರದ ನೆಲ ಹಾಕೋಣ ಅಂದುಕೊಂಡೆ. ಮರಗೆಲಸ ನನಗೆ ಹತ್ತು ವರ್ಷದ ಹವ್ಯಾಸ, ಹಾಗಾಗಿ ನಾನೇ ಹಾಕುವುದು ಅಂತಲೂ ತೀರ್ಮಾನಿಸಿದೆ.

ಆರಿಸಿದ್ದು ಇಂಜಿನಿಯರ್ಡ್ ವುಡ್, 14 ಮಿಲಿಮೀಟರ್ ದಪ್ಪದ್ದು. ಮೇಲಿನ 3 ಮಿಲಿಮೀಟರ್ ನಿಜವಾದ ಓಕ್ ಮರ, ಕೆಳಗೆ ಪ್ಲೈವುಡ್. ಪ್ಲೈನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಒಂದು ಇನ್ನೊಂದನ್ನು ಹಿಡಿದಿಡುವುದರಿಂದ ಮಳೆಗಾಲದಲ್ಲಿ ಇಡೀ ಮರದ ಹಲಗೆಯಷ್ಟು ಉಬ್ಬುವುದಿಲ್ಲ. ಅಂಗಡಿಯಲ್ಲಿ ಲ್ಯಾಮಿನೇಟನ್ನೂ ಮರದ ನೆಲ ಅಂತಲೇ ತೋರಿಸುತ್ತಾರೆ. ಅದರ ಮೇಲಿರುವುದು ಮರದ ಚಿತ್ರ ಅಚ್ಚಾದ ಕಾಗದ. ಒಂದು ತುಂಡನ್ನು ಕೈಗೆ ತೆಗೆದುಕೊಂಡು ಅಂಚು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಹಲಗೆ ತರುವ ಮುಂಚೆ ಮಾಡಿದ ಕೆಲಸವೇ ಇಲ್ಲಿ ಮುಖ್ಯ. ನಮ್ಮದು ಕೆಳಗಿನ ಮನೆ, ಕೋಣೆಯ ಒಂದು ಗೋಡೆಗೆ ಬಾತ್‌ರೂಮ್ ಅಂಟಿಕೊಂಡಿದೆ. ಮೊಸಾಯಿಕ್ ಮೇಲೆ ತೇವ ಬಂದರೆ ಗಾಳಿಗೆ ಆರಿಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಮರ ಮುಚ್ಚಿದರೆ ಆ ತೇವ ಎಲ್ಲಿಗೆ ಹೋಗಬೇಕು? ಮರಕ್ಕೇ ಅಲ್ವಾ?

ಜನವರಿ ಮೊದಲ ವಾರ ಎರಡಡಿ ಚೌಕದ ನಾಲ್ಕು ಪ್ಲಾಸ್ಟಿಕ್ ಹಾಳೆ ತಂದು ಕೋಣೆಯ ನಾಲ್ಕು ಕಡೆ ಹಾಸಿದೆ. ಸುತ್ತಲೂ ಗಾಳಿಯಾಡದಂತೆ ಟೇಪ್ ಅಂಟಿಸಿ ಮೂರು ದಿನ ಬಿಟ್ಟೆ. ಮೂರು ಹಾಳೆಯ ಕೆಳಗೆ ಏನೂ ಇರಲಿಲ್ಲ. ಬಾತ್‌ರೂಮ್ ಗೋಡೆಯ ಪಕ್ಕದ ಹಾಳೆ ಎತ್ತಿದಾಗ ಒಳಮೈಯಲ್ಲಿ ಸಾಸಿವೆ ಕಾಳಿನಂಥ ನೀರಿನ ಹನಿಗಳು. ಕೆಳಗಿನ ಮೊಸಾಯಿಕ್ ಸುತ್ತಲಿನದಕ್ಕಿಂತ ಕಪ್ಪಾಗಿತ್ತು. ಅಲ್ಲಿ ಬೆರಳಿಟ್ಟು ನೋಡಿದೆ, ತಣ್ಣಗಿತ್ತು. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಓಡಾಡಿದ್ದೇವೆ, ಒಬ್ಬರಿಗೂ ತಿಳಿದಿರಲಿಲ್ಲ.

ಬಾತ್‌ರೂಮಿನಲ್ಲಿ ಟೈಲ್ಸ್ ನಡುವಿನ ಬಿಳಿ ಸಿಮೆಂಟ್ ಅಲ್ಲಲ್ಲಿ ಎದ್ದುಹೋಗಿತ್ತು. ನೀರು ಹೋಗುವ ಜಾಲರಿಯ ಸುತ್ತ ಬೆರಳು ತೂರುವಷ್ಟು ಬಿರುಕು. ಹಳೇ ಸಿಮೆಂಟನ್ನೆಲ್ಲ ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿದೆ. ಜಾಲರಿಯನ್ನು ಪ್ಲಂಬರ್ ಹತ್ತಿರ ಕಿತ್ತಿಸಿ ಹೊಸದಾಗಿ ಕೂರಿಸಿದ್ದಾಯಿತು. ಆಮೇಲೆ ಕೋಣೆ ಖಾಲಿ ಬಿಟ್ಟು, ಕಿಟಕಿ ತೆರೆದು, ಫ್ಯಾನ್ ಹಾಕಿ ಮೂರು ವಾರ ಕಾದೆ. ಅಮ್ಮ ಹಾಲ್‌ನಲ್ಲಿ ಮಲಗುತ್ತಿದ್ದರು. “ಇನ್ನೂ ಎಷ್ಟು ದಿನ ಕಾಯ್ಸ್ತೀಯಪ್ಪಾ, ಒಣಗಿರೋ ಹಾಗೇ ಕಾಣುತ್ತಲ್ಲ” ಅಂತ ದಿನಾ ಕೇಳುವರು. ಮತ್ತೆ ಹಾಳೆ ಹಾಸಿ ನೋಡಿದೆ, ಒಣಗಿತ್ತು. ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿದೆ. ಆಗಲೂ ಒಣಗಿದ್ದ ಮೇಲೇ ಹಲಗೆಗೆ ದುಡ್ಡು ಕಟ್ಟಿದ್ದು.

ಈ ಪರೀಕ್ಷೆಯಲ್ಲಿ ತೇವ ಕಂಡರೆ ತೇವ ಇದೆ ಅಂತ ಖಚಿತ. ಕಾಣದಿದ್ದರೆ ಪೂರ್ತಿ ನಿಶ್ಚಿಂತೆ ಅಂತಲ್ಲ, ಯಾಕೆಂದರೆ ಬೇಸಿಗೆಯಲ್ಲಿ ಒಣಗಿರುವ ನೆಲ ಆಷಾಢದಲ್ಲಿ ಹಾಗೇ ಇರಬೇಕೆಂದಿಲ್ಲ. ಅದಕ್ಕೇ 200 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಕೆಳಗೆ ಹಾಸುವುದನ್ನು ಬಿಡಲಿಲ್ಲ.

ಮುಂದಿನದು ಮಟ್ಟ. ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಆ ಕಡೆ ಈ ಕಡೆ ಇಟ್ಟು ಕೆಳಗೆ ಬೆಳಕು ಬಿಟ್ಟು ನೋಡಿದೆ. ಎರಡು ಮೀಟರಿಗೆ 3 ಮಿಲಿಮೀಟರಿಗಿಂತ ಜಾಸ್ತಿ ತಗ್ಗು ಇರಬಾರದು. ನಮ್ಮಲ್ಲಿ ನಡುವೆ 5 ಇತ್ತು. ಇಂಥ ಕಡೆ ಹಲಗೆಗಳನ್ನು ಒಂದಕ್ಕೊಂದು ಹಿಡಿಸುವ ಅಂಚಿನ ಕೊಂಡಿ ಹೆಜ್ಜೆ ಹೆಜ್ಜೆಗೂ ಬಾಗಿ ಬಾಗಿ ಕಿರ್ ಅನ್ನಲು ಶುರುವಾಗುತ್ತದೆ, ಕೊನೆಗೆ ಮುರಿಯುತ್ತದೆ. ಹಳೇ ಮೊಸಾಯಿಕ್ ಮೇಲೆ ಮೇಣದ ಪಾಲಿಶ್ ಇರುತ್ತದೆ, ಅದರ ಮೇಲೆ ಏನು ಸುರಿದರೂ ಹಿಡಿಯುವುದಿಲ್ಲ. ಮಾಸ್ಕ್ ಹಾಕಿಕೊಂಡು ಗ್ರೈಂಡರ್‌ನಿಂದ ಮೈ ಒರಟು ಮಾಡಿ, ಧೂಳು ತೆಗೆದು, ಪ್ರೈಮರ್ ಹೊಡೆದು, ತಾನಾಗಿಯೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ ಸುರಿದೆ. ಚೀಲದ ಮೇಲೆ ಬರೆದಷ್ಟೇ ನೀರು ಹಾಕಬೇಕು. ಸರಾಗವಾಗಿ ಹರಿಯಲಿ ಅಂತ ಒಂದು ಮಗ್ ಜಾಸ್ತಿ ಹಾಕಿದರೆ ಮೇಲ್ಮೈ ಪುಡಿಯಾಗುತ್ತದೆ. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಹಲಗೆಯ ಬಾಕ್ಸ್‌ಗಳು ಬಂದವು. ಕೋಣೆ 12ಕ್ಕೆ 14 ಅಡಿ, ಅಂದರೆ 168 ಚದರಡಿ. ಕತ್ತರಿಸಿ ಹೋಗುವುದಕ್ಕೆ ಶೇಕಡ 10 ಸೇರಿಸಿ ಎಂಟು ಬಾಕ್ಸ್ ತರಿಸಿದ್ದೆ. ಕಂಪನಿಯವರ ಸೂಚನೆಯಂತೆ ಅವನ್ನು ಒಡೆಯದೆ, ಗೋಡೆಗೆ ಒರಗಿಸದೆ, ಪಕ್ಕದ ಕೋಣೆಯಲ್ಲಿ ಮಲಗಿಸಿ 72 ಗಂಟೆ ಬಿಟ್ಟೆ. ಮನೆಯ ಹವೆಗೆ ಹಲಗೆ ಹೊಂದಿಕೊಳ್ಳಬೇಕು.

ಬಾಗಿಲಿನ ಕೆಲಸಕ್ಕೆ ನಮ್ಮ ಬೀದಿಯ ಆಚಾರ್ರನ್ನು ಕರೆದೆ. ಹಲಗೆಯ ಕೆಳಗೆ ಹಾಸುವ 2 ಮಿಲಿಮೀಟರ್ ಫೋಮ್ ಸೇರಿ ನೆಲ 16 ಮಿಲಿಮೀಟರ್ ಏರುತ್ತದೆ, ಬಾಗಿಲಿನ ಕೆಳಗಿದ್ದದ್ದು ಅರ್ಧ ಇಂಚು ಜಾಗ. ಕೆಳಗೆ ಸ್ವಲ್ಪ ಕೊಯ್ಯಲೇಬೇಕಿತ್ತು. ಚೌಕಟ್ಟಿನ ಕಂಬದ ಬುಡವನ್ನೂ ಕೊಯ್ಯಬೇಕು, ಹಲಗೆ ಅದರಡಿ ತೂರಿಕೊಂಡರೆ ಅಂಚು ಕಾಣುವುದಿಲ್ಲ. ಆಚಾರ್ರು ಒಂದು ತುಂಡು ಹಲಗೆಯನ್ನು ಫೋಮ್ ಮೇಲಿಟ್ಟು, ಗರಗಸವನ್ನು ಅದರ ಮೇಲೆ ಮಲಗಿಸಿ ಕೊಯ್ದರು. ಅಳತೆ ಪಟ್ಟಿಯೇ ಬೇಕಾಗಲಿಲ್ಲ. ಹೊಸಿಲನ್ನು ಮಾತ್ರ ಮುಟ್ಟುವ ಹಾಗಿಲ್ಲ ಅಂತ ಅಮ್ಮ ಮೊದಲೇ ಹೇಳಿದ್ದರು. ಹಲಗೆ ಉಬ್ಬಲು ಜಾಗವಿರಲಿ ಅಂತ ಅದರ ಮುಂದೆ 12 ಮಿಲಿಮೀಟರ್ ಬಿಟ್ಟು ನೆಲ ನಿಲ್ಲಿಸಿ, ಸಂದನ್ನು ಒಂದು ಅಲ್ಯೂಮಿನಿಯಂ ಪಟ್ಟಿಯಿಂದ ಮುಚ್ಚುವುದು ಅಂತಾಯಿತು.

ಹಾಕುವ ಮುಂಚೆ ಕೂತು ಒಂದು ಲೆಕ್ಕ ಮಾಡಿದೆ. ಎರಡೂ ಗೋಡೆಗೆ 12 ಮಿಲಿಮೀಟರ್ ಸಂದು ಬಿಟ್ಟರೆ ಅಗಲಕ್ಕೆ ಉಳಿಯುವುದು 3634. ಹಲಗೆಯ ಅಗಲ 190. ಹತ್ತೊಂಬತ್ತು ಸಾಲು ಹಾಕಿದರೆ ಕೊನೆಗೆ 24 ಮಿಲಿಮೀಟರ್, ಅಂದರೆ ಒಂದು ಇಂಚೂ ಇಲ್ಲದ ಸೀಳು ಉಳಿಯುತ್ತದೆ. ಅಂಥದ್ದು ನಿಲ್ಲುವುದೂ ಇಲ್ಲ, ನೋಡಲೂ ಚೆನ್ನಾಗಿರುವುದಿಲ್ಲ. ಹಾಗಾಗಿ ಹದಿನೆಂಟು ಪೂರ್ತಿ ಸಾಲು, ಮೊದಲನೆಯದು ಮತ್ತು ಕೊನೆಯದು 107 ಮಿಲಿಮೀಟರ್‌ನದು ಅಂತ ಹಂಚಿದೆ.

ಪಾಲಿಥಿನ್ ಹಾಸಿದೆ. ಒಂದರ ಮೇಲೊಂದು ಎಂಟು ಇಂಚು ಬರುವಂತೆ ಇಟ್ಟು ಟೇಪ್ ಅಂಟಿಸಿದೆ, ಅದರ ಮೇಲೆ 2 ಮಿಲಿಮೀಟರ್ ಫೋಮ್. ಅಲ್ಲಿಂದ ಕೆಲಸ ಓಡಿತು. ಗೋಡೆಯುದ್ದಕ್ಕೂ ಬೆಣೆ ಇಟ್ಟು ಮೊದಲ ಸಾಲನ್ನು ದಾರ ಹಿಡಿದು ನೇರ ಮಾಡಿದೆ. ಗೋಡೆ ನೇರ ಇರುತ್ತದೆ ಅಂತ ನಂಬಬೇಡಿ, ನಮ್ಮದು ಒಂದು ಕಡೆ 6 ಮಿಲಿಮೀಟರ್ ಹೊಟ್ಟೆ ಬಿಟ್ಟಿತ್ತು. ಮೂರ್ನಾಲ್ಕು ಬಾಕ್ಸ್ ಒಟ್ಟಿಗೆ ಒಡೆದು ಹಲಗೆ ಬೆರೆಸಿದೆ. ಇಲ್ಲದಿದ್ದರೆ ಒಂದೇ ಬಣ್ಣದವೆಲ್ಲ ಒಂದೇ ಮೂಲೆಗೆ ಸೇರುತ್ತವೆ. ಪಕ್ಕದ ಸಾಲಿನ ಸೇರುವೆಗೂ ಈ ಸಾಲಿನ ಸೇರುವೆಗೂ ಒಂದಡಿಯಾದರೂ ಅಂತರ ಇಟ್ಟೆ. ಹಲಗೆಯನ್ನು ಸುತ್ತಿಗೆಯಿಂದ ನೇರ ಹೊಡೆಯಬಾರದು, ನಡುವೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು. ಸರಿಯಾಗಿ ಕೂತಾಗ ಶಬ್ದವೇ ಬದಲಾಗುತ್ತದೆ. ಟೊಳ್ಳಾಗಿ ಟಕ್ ಅನ್ನುತ್ತಿದ್ದದ್ದು ಗಟ್ಟಿಯಾಗಿ ದಬ್ ಅನ್ನುತ್ತದೆ. ಎರಡನೇ ದಿನಕ್ಕೆ ನಾನು ಕಣ್ಣಿಗಿಂತ ಕಿವಿಯನ್ನೇ ನಂಬಿದ್ದೆ. ಜಿಗ್ ಸಾನಲ್ಲಿ ಕತ್ತರಿಸುವಾಗ ಹಲಗೆಯ ಮುಖ ಕೆಳಗಿರಲಿ. ಬ್ಲೇಡಿನ ಹಲ್ಲು ಮೇಲಕ್ಕೆ ಕಡಿಯುವುದರಿಂದ ಸಿಬಿರು ಹಿಂಬದಿಯಲ್ಲಿ ಏಳುತ್ತದೆ.

ಬೀರು ಗೋಡೆಗೆ ಕೂರಿಸಿದ್ದು. ಅದರ ಕೆಳಗೆ ಹಲಗೆ ತೂರಿಸಲಿಲ್ಲ, ಬುಡದವರೆಗೆ ಮಾತ್ರ ತಂದೆ. ಈ ನೆಲ ಎಲ್ಲೂ ಅಂಟಿಲ್ಲ, ಸುಮ್ನೆ ತೇಲುತ್ತಿರುತ್ತದೆ. ಅಷ್ಟು ಭಾರ ಒಂದು ಕಡೆ ಅದುಮಿ ಹಿಡಿದರೆ ಉಬ್ಬುವಾಗ ಅದಕ್ಕೆ ಜಾಗ ಸಿಗುವುದಿಲ್ಲ. ಕೊನೆಗೆ ಬೆಣೆಗಳನ್ನೆಲ್ಲ ತೆಗೆದು ಸುತ್ತಲೂ ಸಂದು ಮುಚ್ಚುವ ಮರದ ಬೀಡಿಂಗ್ ಹೊಡೆದೆ. ಅದನ್ನು ಗೋಡೆಯ ಸ್ಕರ್ಟಿಂಗ್‌ಗೆ ಅಂಟಿಸಬೇಕೇ ಹೊರತು ನೆಲಕ್ಕಲ್ಲ.

ನೆಲ ಒರೆಸುವ ವಿಷಯದಲ್ಲಿ ಅಮ್ಮನಿಗೂ ನನಗೂ ಸ್ವಲ್ಪ ಮಾತುಕತೆ ಆಯಿತು. ಬಕೆಟ್ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸದಿದ್ದರೆ ನೆಲ ಶುದ್ಧ ಅಂತ ಅವರಿಗೆ ಅನ್ನಿಸುವುದಿಲ್ಲ. ಈಗ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಬಟ್ಟೆ ಆಡಿಸುತ್ತಾರೆ. ಬಾತ್‌ರೂಮ್ ಬಾಗಿಲಿಗೆ ದಪ್ಪ ಕಾಲೊರಸು ಹಾಕಿದ್ದೇವೆ.

ಜುಲೈನಲ್ಲಿ ಮಳೆ ಹಿಡಿದಾಗ ಬಾತ್‌ರೂಮ್ ಕಡೆಯ ಬೀಡಿಂಗ್ ಒಂದನ್ನು ಬಿಚ್ಚಿ ನೋಡಿದೆ. ಫೆಬ್ರವರಿಯಲ್ಲಿ 12 ಇದ್ದ ಸಂದು 9ಕ್ಕೆ ಬಂದಿತ್ತು. ಪಾಲಿಥಿನ್ ಅಂಚಿನಲ್ಲಿ ಹನಿ ಇರಲಿಲ್ಲ. ಬೀಡಿಂಗನ್ನು ಮತ್ತೆ ಕೂರಿಸಿದೆ. ಉಳಿದ ಎರಡು ಹಲಗೆ ಅಟ್ಟದ ಮೇಲೆ ಮಲಗಿವೆ. ಮುಂದೆ ಯಾವುದಾದರೂ ಹಲಗೆ ಕೆಟ್ಟರೆ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದು ಕಷ್ಟ.