ಐವತ್ತು ದಾಟಿದ ಕಣ್ಣಿಗೆ ಐಶ್ಯಾಡೋ: ರೆಪ್ಪೆ ತೆರೆಸಿಯೇ ಹಚ್ಚಿದ ನನ್ನ ಅನುಭವ

ಐವತ್ತು ದಾಟಿದವರ ಕಣ್ಣಿನ ಮೇಕಪ್ ಎರಡು ಗಂಟೆಯೊಳಗೆ ರೆಪ್ಪೆಯ ಮಡಿಕೆಯಲ್ಲಿ ಸೇರಿ ಗೆರೆಯಾಗುತ್ತದೆ, ಅದಕ್ಕೆ ಮದ್ದಿಲ್ಲ ಎಂದು ನನ್ನ ಜೊತೆ ಮೇಕಪ್ ಕೆಲಸ ಮಾಡುವವರು ಹೇಳುತ್ತಿದ್ದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಕಳೆದ ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ 40 ಮುಖಗಳಿಗೆ ಹೊಸ ಕ್ರಮದಲ್ಲಿ ಮೇಕಪ್ ಮಾಡಿ, ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಆರು ಗಂಟೆ ಕದಲದೆ ಉಳಿದದ್ದನ್ನು ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ತಪ್ಪನ್ನೆಲ್ಲ ಪ್ರೈಮರ್ ಮೇಲೆ, ಅಂದರೆ ಬಣ್ಣ ನಿಲ್ಲಲೆಂದು ಮೊದಲು ಹಚ್ಚುವ ತಳಪದರದ ಮೇಲೆ, ಹೊರಿಸಿದ್ದೆ. ಒಂದಾದ ಮೇಲೊಂದರಂತೆ ಏಳು ಪ್ರೈಮರ್ ಕೊಂಡೆ. ಸುಮಾರು ಎರಡು ತಿಂಗಳ ಗಳಿಕೆ ಅದಕ್ಕೇ ಹೋಯಿತು. ರೆಪ್ಪೆಯ ಚರ್ಮ ಮೊದಲೇ ತೆಳು, ವಯಸ್ಸಾದಂತೆ ಅದರ ಜಿಡ್ಡೂ ಬಿಗಿಯೂ ಕಡಿಮೆಯಾಗುತ್ತವೆ. ಅದರ ಮೇಲೆ ಪ್ರೈಮರ್, ಕನ್ಸೀಲರ್, ಪೌಡರ್ ಎಂದು ಪದರ ಹೆಚ್ಚಿಸಿದಷ್ಟೂ ಬಿರುಕು ಬೇಗ ಕಾಣಿಸಿಕೊಳ್ಳುತ್ತಿತ್ತು. ಅರವತ್ತು ದಾಟಿದ ಒಬ್ಬರಿಗೆ ಕಣ್ಣು ಮುಚ್ಚಿಸಿ, ಮೂರು ಕಂದು ಬಣ್ಣಗಳನ್ನು ಮುಕ್ಕಾಲು ಗಂಟೆ ಬ್ಲೆಂಡ್ ಮಾಡಿದೆ. ಅವರು ಕಣ್ಣು ತೆರೆದೊಡನೆ ಜೋತ ಚರ್ಮ ಅಷ್ಟನ್ನೂ ನುಂಗಿತು. ಹೊರತುದಿಯಲ್ಲಿ ಉಗುರಿನಷ್ಟು ಕಲೆ ಮಾತ್ರ ಉಳಿಯಿತು. "ಇಷ್ಟು ಹೊತ್ತು ಹಚ್ಚಿದ್ದೆಲ್ಲ ಎಲ್ಲಿ ಹೋಯಿತಮ್ಮ?" ಎಂದು ಅವರು ಕನ್ನಡಿ ನೋಡುತ್ತಲೇ ಕೇಳಿದರು. ಆ ದಿನದ ಹಣವನ್ನು ನಾನು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಕ್ರಮವನ್ನೇ ತಿರುಗಿಸಿದೆ. ಐಕ್ರೀಮ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಟಿಶ್ಯೂ ಒತ್ತಿ ಜಿಡ್ಡು ತೆಗೆದು, ಸಾಸಿವೆ ಕಾಳಿನಷ್ಟು ಪ್ರೈಮರನ್ನು ಎರಡೂ ಕಣ್ಣಿಗೆ ಹಂಚುತ್ತೇನೆ. ರೆಪ್ಪೆಗೆ ಪೌಡರ್ ಹಾಕುವುದನ್ನು ಬಿಟ್ಟೇಬಿಟ್ಟಿದ್ದೇನೆ. ಅವರು ನೇರವಾಗಿ ಕುಳಿತು, ಹುಬ್ಬು ಎತ್ತದೆ, ಎದುರಿಗೆ ನೋಡುತ್ತಿರುವಾಗಲೇ ನಿಜವಾದ ಮಡಿಕೆಗಿಂತ ಮೂರು ನಾಲ್ಕು ಮಿಲಿಮೀಟರ್ ಮೇಲೆ ಪೆನ್ಸಿಲ್ ಬ್ರಷ್ಷಿನಿಂದ ಮೂರು ಚುಕ್ಕೆ ಇಟ್ಟು, ಮಧ್ಯಮ ಕಂದಿನ ಮ್ಯಾಟ್ (ಹೊಳಪಿಲ್ಲದ) ಬಣ್ಣದಿಂದ ಅವುಗಳನ್ನು ಸೇರಿಸುತ್ತೇನೆ. ಕಣ್ಣು ಮುಚ್ಚಿಸುವುದು ಅಂಚನ್ನು ಮೃದುಗೊಳಿಸಲು ಮಾತ್ರ. ಮುಚ್ಚಿದಾಗ ಆ ಗೆರೆ ಅಸಹ್ಯವಾಗಿ ಮೇಲೇರಿದಂತೆ ಕಾಣುತ್ತದೆ, ಅದನ್ನು ಕಂಡೇ ಜೊತೆಯವರು ನಕ್ಕದ್ದು. ಆದರೆ ಎದುರಿಗಿರುವವರು ನೋಡುವುದು ತೆರೆದ ಕಣ್ಣನ್ನಲ್ಲವೇ? ಈ ವಯಸ್ಸಿಗೆ ಹೊಳಪೇ ಕೂಡದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಗ್ಲಿಟರ್ ಪ್ರತಿ ಸುಕ್ಕನ್ನೂ ಎತ್ತಿ ತೋರಿಸುತ್ತದೆ, ನಿಜ. ಆದರೆ ಮಂದ ಹೊಳಪಿನ ಸ್ಯಾಟಿನ್ ಬಣ್ಣವನ್ನು ರೆಪ್ಪೆಯ ನಡುವೆ ಬೆರಳತುದಿಯಿಂದ ಒಮ್ಮೆ ಒತ್ತಿದರೆ ಕಣ್ಣಿಗೆ ಕಳೆ ಬರುತ್ತದೆ.

ಐಲೈನರ್ ಎಳೆಯುವಾಗ ರೆಪ್ಪೆಯನ್ನು ಪಕ್ಕಕ್ಕೆ ಎಳೆಯುವ ಹಳೆಯ ಅಭ್ಯಾಸ ಬಿಡುವುದಕ್ಕೇ ನನಗೆ ಆರು ತಿಂಗಳು ಬೇಕಾಯಿತು. ಎಳೆದಾಗ ನೇರವಾಗಿದ್ದ ಗೆರೆ, ಕೈ ಬಿಟ್ಟಕೂಡಲೇ ಅಲೆಯಾಗುತ್ತದೆ. ಈಗ ದ್ರವ ಲೈನರನ್ನು ಮುಟ್ಟುವುದಿಲ್ಲ. ಎರಡು ಗಾಢ ಕಂದು ಶ್ಯಾಡೋಗಳನ್ನು ಒದ್ದೆ ಬ್ರಷ್ಷಿನಲ್ಲಿ ಬೆರೆಸಿ, ರೆಪ್ಪೆಗೂದಲ ಬುಡಗಳ ನಡುವೆ ಒತ್ತುತ್ತೇನೆ. ಬೆರಕೆಯ ಪ್ರಮಾಣವನ್ನೂ, ನೀರಿನ ಬದಲು ಬಳಸುವ ದ್ರವವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಜೋತ ರೆಪ್ಪೆಯನ್ನು ಎತ್ತುವ ಟೇಪ್ ಕೂಡ ಪ್ರಯೋಗಿಸಿದೆ. ಎಂಟೊಂಬತ್ತು ಸಲ ಅಂಟಿಸಿದ್ದರಲ್ಲಿ ಎರಡು ಸಲ ಮಾತ್ರ ನಿಂತಿತು. ಉಳಿದವರು ನಕ್ಕೊಡನೆ ಅಂಚು ಎದ್ದು ಮಿರುಗಿತು, ಒಬ್ಬರಿಗೆ ರೆಪ್ಪೆ ಕೆಂಪಾಯಿತು. ಉಳಿದ ಪೆಟ್ಟಿಗೆಗಳು ಹಾಗೇ ಬಿದ್ದಿವೆ. ಕನ್ನಡಕದ ಪ್ರಯೋಗ ಮಾತ್ರ ಫಲ ಕೊಟ್ಟಿತು. ಪ್ಲಸ್ ಗಾಜು ಕಣ್ಣನ್ನೂ ಅದರ ಮೇಲಿನ ಪ್ರತಿ ತಪ್ಪನ್ನೂ ದೊಡ್ಡದಾಗಿ ತೋರಿಸುತ್ತದೆ, ಮೈನಸ್ ಗಾಜು ಕಣ್ಣನ್ನು ಕುಗ್ಗಿಸುತ್ತದೆ. ಹಾಗಾಗಿ ಮಸ್ಕಾರಾಕ್ಕೆ ಮುಂಚೆ ಕನ್ನಡಕ ಹಾಕಿಸಿ ನೋಡಿಯೇ ಗೆರೆಯ ದಪ್ಪವನ್ನು ನಿರ್ಧರಿಸುತ್ತೇನೆ. ಮಸ್ಕಾರಾ ಟ್ಯೂಬಿಂಗ್ ಬಗೆಯದ್ದು, ಅಂದರೆ ಪ್ರತಿ ಕೂದಲನ್ನೂ ಕೊಳವೆಯಂತೆ ಸುತ್ತುವಂಥದ್ದು: ಕಣ್ಣಿನ ಕೆಳಗೆ ಹರಡುವುದಿಲ್ಲ, ಬೆಚ್ಚಗಿನ ನೀರಿಗೆ ಉಜ್ಜದೆಯೇ ಕಳಚಿ ಬರುತ್ತದೆ.

ಅಂದು ನಕ್ಕವರೇ ಈಗ ಹಿರಿಯರ ಮುಖಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ. ಈ ಕ್ರಮ ಕೈಕೊಟ್ಟ ಏಳೆಂಟು ಮಂದಿಯಲ್ಲಿ ಬಹುತೇಕರಿಗೆ ಮಡಿಕೆ ರೆಪ್ಪೆಗೂದಲ ಮೇಲೆಯೇ ಕೂರುತ್ತಿತ್ತು. ಅಂಥ ಕಣ್ಣಿಗೆ ನಾನೀಗ ಶ್ಯಾಡೋ ಹಚ್ಚುವುದೇ ಇಲ್ಲ; ಹುಬ್ಬಿನ ಹೊರತುದಿ ತುಂಬಿ, ರೆಪ್ಪೆಗೂದಲು ಬಾಗಿಸಲು ಕರ್ಲರ್ ಒತ್ತಿ, ಹೊರಗಿನ ಮೂರನೇ ಒಂದು ಭಾಗಕ್ಕೆ ನಾಲ್ಕು ಸಣ್ಣ ಕೃತಕ ರೆಪ್ಪೆಗೂದಲ ಗೊಂಚಲು ಅಂಟಿಸಿ, ಅರ್ಧ ಹಣ ಮಾತ್ರ ಪಡೆಯುತ್ತೇನೆ.